ಕರಾವಳಿಯಲ್ಲಿ 18 ಮೀಟರಿನ ಗೈ ಟವರ್: ಬೋಲ್ಟು, ನಟ್ಟು, ಟರ್ನ್‌ಬಕಲ್‌ಗಳ ಆಯ್ಕೆ ಹೇಗೆ?

ಪ್ರಶ್ನೆ — ತೀರವಾಸಿ, ಕುಂದಾಪುರ

ಎಲ್ಲರಿಗೂ ನಮಸ್ಕಾರ. ಕಡಲಿನಿಂದ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ನಮ್ಮ ತೆಂಗಿನ ತೋಟದಲ್ಲಿ, ಹವ್ಯಾಸಿ ರೇಡಿಯೊ ಬಳಕೆಗೆಂದು 18 ಮೀಟರ್ ಎತ್ತರದ ಟವರ್ ನಿಲ್ಲಿಸುವ ಸಿದ್ಧತೆಯಲ್ಲಿದ್ದೇನೆ. ತಲಾ ಮೂರು ಮೀಟರಿನ ಆರು ತುಂಡುಗಳು, ತ್ರಿಕೋನಾಕಾರ, ಮೂರು ಕಾಲುಗಳೂ ಒಂದು ಇಂಚಿನ ಮೀಡಿಯಂ ಪೈಪಿನವು. ಒಂದು ತುಂಡನ್ನು ಇನ್ನೊಂದಕ್ಕೆ ಜೋಡಿಸಲು ಕಾಲಿನ ಪೈಪಿನೊಳಗೆ ಮುಕ್ಕಾಲು ಇಂಚಿನ ಪೈಪನ್ನು ತೂರಿಸಿ, ಎರಡನ್ನೂ ಹಾದುಹೋಗುವಂತೆ ಅಡ್ಡಲಾಗಿ ಬೋಲ್ಟು ಹಾಕುವುದೆಂದು ನಿರ್ಧಾರವಾಗಿದೆ. ಟವರನ್ನು ಸುತ್ತಲಿಂದ ನೆಲಕ್ಕೆ ಎಳೆದು ಹಿಡಿಯುವ ಗೈ ತಂತಿಗಳು ಎರಡು ಹಂತದಲ್ಲಿ, ಪ್ರತಿ ಹಂತಕ್ಕೂ ಮೂರು ದಿಕ್ಕಿಗೆ. ತುದಿಯಲ್ಲಿ 14, 21 ಮತ್ತು 28 ಮೆಗಾಹರ್ಟ್ಸ್‌ಗಳಿಗೆ ಹೊಂದುವ ಮೂರು ಎಲಿಮೆಂಟಿನ (ಅಡ್ಡಕೋಲಿನ) ಯಾಗಿ ಆ್ಯಂಟೆನಾ ಮತ್ತು ಅದನ್ನು ತಿರುಗಿಸುವ ರೋಟರ್ ಇರುತ್ತದೆ.

ವೆಲ್ಡಿಂಗ್ ಕೆಲಸ ಇನ್ನೂ ಆರಂಭವಾಗಿಲ್ಲ, ಆದ್ದರಿಂದ ಈಗ ಏನನ್ನೂ ಬದಲಿಸಬಹುದು. ಆದರೆ ಬೋಲ್ಟಿನ ವಿಷಯದಲ್ಲಿ ಮೂವರಿಂದ ಮೂರು ಬಗೆಯ ಸಲಹೆ ಬಂದಿದೆ. ವೆಲ್ಡಿಂಗ್ ವರ್ಕ್‌ಶಾಪಿನವರು, ಕರಿಬಣ್ಣದ 12.9 ಗುರುತಿನ 16 ಮಿ.ಮೀ. ಬೋಲ್ಟು ಹಾಕಿದರೆ ಜೀವಮಾನಕ್ಕೆ ಸಾಕು ಎನ್ನುತ್ತಾರೆ. ಹಾರ್ಡ್‌ವೇರ್ ಅಂಗಡಿಯವರು ಹಳದಿ ಹೊಳಪಿನ ಬೋಲ್ಟುಗಳನ್ನು ತೋರಿಸಿ, ಇವು ತುಕ್ಕು ಹಿಡಿಯುವುದಿಲ್ಲ ಎಂದು ಭರವಸೆ ಕೊಡುತ್ತಾರೆ. ಬಂಧುಗಳೊಬ್ಬರು ಎಲ್ಲವನ್ನೂ ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಮಾಡಿಸುವಂತೆ ಒತ್ತಾಯಿಸುತ್ತಿದ್ದಾರೆ. ಗೈ ತಂತಿಯನ್ನು ತಿರುಪಿನಿಂದ ಬಿಗಿಯುವ ಟರ್ನ್‌ಬಕಲ್‌ಗಳೆಂದು ನನಗೆ ದೊರೆತಿರುವುದು ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ಬಳೆ ಇರುವ ಮಾದರಿ. ಗೈ ತಂತಿಗೆ ವಿದ್ಯುತ್ ಕಂಬಗಳಿಗೆ ಬಳಸುವ ಏಳು ಎಳೆಯ ಸ್ಟೇ ವೈರನ್ನೇ ತರಬೇಕೆಂದಿದ್ದೇನೆ.

ಟವರಿನ ಕೆಳಗೆ ಮಕ್ಕಳು ಆಡುತ್ತಾರೆ, ಪಕ್ಕದಲ್ಲೇ ನೆರೆಮನೆಯ ಕೊಟ್ಟಿಗೆ ಇದೆ. ಆದ್ದರಿಂದ ಖರ್ಚು ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ, ಆಯ್ಕೆ ಸರಿಯಾಗಿರಬೇಕು. ತಿಳಿದವರು ಕಾರಣಸಹಿತ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1 — ಗೋಪುರ ಕೆಲಸಗಾರ

ಮಾನ್ಯರೇ, ವೃತ್ತಿಯಿಂದ ನಾನು ವಿದ್ಯುತ್ ಪ್ರಸರಣ ಗೋಪುರಗಳ ವಿನ್ಯಾಸದಲ್ಲಿ ತೊಡಗಿರುವವನು. ನೀವು ಕೆಲಸ ಆರಂಭಿಸುವ ಮೊದಲೇ ಕೇಳಿದ್ದೀರಿ, ಅದು ಒಳ್ಳೆಯದಾಯಿತು, ಏಕೆಂದರೆ ನಿಮಗೆ ಬಂದಿರುವ ಮೂರು ಸಲಹೆಗಳಲ್ಲಿ ಮೊದಲ ಎರಡನ್ನು ಕೈಬಿಡಲೇಬೇಕು.

ಮೊದಲು ಗಾಳಿಯ ಲೆಕ್ಕ. ಕಟ್ಟಡಗಳ ಮೇಲಿನ ಭಾರಗಳ ಭಾರತೀಯ ಮಾನಕವಾದ ಐಎಸ್ 875ರ 3ನೇ ಭಾಗವು ಬೆಂಗಳೂರು ಮತ್ತು ಮೈಸೂರಿಗೆ ಮೂಲ ಗಾಳಿವೇಗವನ್ನು ಸೆಕೆಂಡಿಗೆ 33 ಮೀಟರ್ ಎಂದೂ ಮಂಗಳೂರಿಗೆ 39 ಮೀಟರ್ ಎಂದೂ ನಿಗದಿಪಡಿಸಿದೆ. ಕೇಳುವುದಕ್ಕೆ ವ್ಯತ್ಯಾಸ ಸಣ್ಣದೆನಿಸುತ್ತದೆ. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 33 ಮೀಟರಿಗೆ ಚದರ ಮೀಟರೊಂದಕ್ಕೆ ಸುಮಾರು 653 ನ್ಯೂಟನ್ ಆದರೆ, 39 ಮೀಟರಿಗೆ ಸುಮಾರು 913. ಅಂದರೆ ಬೆಂಗಳೂರಿನ ಸ್ನೇಹಿತರೊಬ್ಬರ ಟವರಿನ ನಕ್ಷೆಯನ್ನು ಹಾಗೆಯೇ ತಂದು ಕರಾವಳಿಯಲ್ಲಿ ನಿಲ್ಲಿಸಿದರೆ, ಅದರ ಮೇಲೆ ಶೇ. 40ರಷ್ಟು ಹೆಚ್ಚು ಬಲ ಬೀಳುತ್ತದೆ. ಭೂಪ್ರದೇಶ, ಎತ್ತರ ಮುಂತಾದವುಗಳ ಗುಣಕಗಳನ್ನು ಇದರ ಮೇಲೆ ಸೇರಿಸಬೇಕು. ಆ ಲೆಕ್ಕವನ್ನು ನಿಮ್ಮ ಊರಿನ ಸ್ಟ್ರಕ್ಚರಲ್ ಎಂಜಿನಿಯರೊಬ್ಬರಿಂದ ಒಮ್ಮೆ ಮಾಡಿಸಿಕೊಳ್ಳಿ.

ಇನ್ನು ಬೋಲ್ಟಿನ ಬಲ. ದರ್ಜೆಯ ಸಂಖ್ಯೆಯ ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಚದರ ಮಿ.ಮೀ.ಗೆ ಎಷ್ಟು ನ್ಯೂಟನ್ ಎಳೆತಕ್ಕೆ ಅದು ತುಂಡಾಗುತ್ತದೆ ಎಂಬುದು ತಿಳಿಯುತ್ತದೆ. ಎರಡನೆಯ ಅಂಕಿ, ಅದರ ಹತ್ತರಲ್ಲಿ ಎಷ್ಟು ಪಾಲಿಗೆ ಬೋಲ್ಟು ಶಾಶ್ವತವಾಗಿ ಹಿಗ್ಗಲು ತೊಡಗುತ್ತದೆ ಎಂಬುದನ್ನು ಸೂಚಿಸುತ್ತದೆ. ಹಾಗಾಗಿ 8.8 ಎಂದರೆ 800 ಮತ್ತು 640, 4.6 ಎಂದರೆ 400 ಮತ್ತು 240. ನಿಮ್ಮ ಜೋಡಣೆಯಲ್ಲಿ ಬೋಲ್ಟು ಪೈಪಿನ ಎರಡೂ ಗೋಡೆಗಳನ್ನು ಹಾದುಹೋಗುವುದರಿಂದ ಅದನ್ನು ಕತ್ತರಿಸಬೇಕಾದರೆ ಎರಡು ಕಡೆ ಕತ್ತರಿಸಬೇಕು. ಸಾಧಾರಣ 4.6 ದರ್ಜೆಯ 12 ಮಿ.ಮೀ. ಬೋಲ್ಟೊಂದು ಈ ಸ್ಥಿತಿಯಲ್ಲಿ ತುಂಡಾಗುವುದು ಸುಮಾರು 39 ಕಿಲೋನ್ಯೂಟನ್‌ಗೆ, ಅಂದರೆ ಸುಮಾರು ನಾಲ್ಕು ಟನ್ ಭಾರಕ್ಕೆ. ನೀವು ವಿವರಿಸಿರುವ ಗಾತ್ರದ ಟವರಿನ ಕಾಲಿನಲ್ಲಿ ಅಷ್ಟು ಬಲ ಹುಟ್ಟುವುದೇ ಇಲ್ಲ. ಅದೂ ಅಲ್ಲದೆ ಗೈ ತಂತಿಗಳು ಟವರನ್ನು ಸದಾ ಕೆಳಕ್ಕೆ ಎಳೆಯುತ್ತಿರುವುದರಿಂದ ಕಾಲುಗಳು ಬಹುಮಟ್ಟಿಗೆ ಒತ್ತಡದಲ್ಲೇ ಇರುತ್ತವೆ, ಆ ಒತ್ತಡವು ಒಂದು ಪೈಪಿನ ಅಂಚಿನಿಂದ ಇನ್ನೊಂದು ಪೈಪಿನ ಅಂಚಿಗೆ ನೇರವಾಗಿ ದಾಟಬೇಕು. ಅಂಚುಗಳನ್ನು ಓರೆಯಾಗಿ ಕತ್ತರಿಸಿದ್ದರೆ ಮಾತ್ರ ಆ ಭಾರವೆಲ್ಲ ಬೋಲ್ಟಿನ ಮೇಲೆ ಬಿದ್ದು, ತೂತು ದಿನೇ ದಿನೇ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಆದ್ದರಿಂದ ವರ್ಕ್‌ಶಾಪಿನವರಿಗೆ ಹೇಳಬೇಕಾದ ಮೊದಲ ಮಾತು, ಪೈಪಿನ ತುದಿಗಳನ್ನು ಮೂಲೆಮಟ್ಟವಿಟ್ಟು ನೇರವಾಗಿ ಕತ್ತರಿಸಿರಬೇಕು ಎಂಬುದು.

16 ಮಿ.ಮೀ. ಬೋಲ್ಟಿನ ವಿಷಯದಲ್ಲಿ ನನಗೆ ನಿಜವಾದ ಆತಂಕವಿದೆ. ಒಂದು ಇಂಚಿನ ಮೀಡಿಯಂ ಪೈಪಿನ ಹೊರವ್ಯಾಸ 33.7 ಮಿ.ಮೀ., ಗೋಡೆಯ ದಪ್ಪ 3.2 ಮಿ.ಮೀ. ಅದರಲ್ಲಿ 17.5 ಮಿ.ಮೀ. ತೂತನ್ನು ಆರುಪಾರು ಕೊರೆದರೆ ಆ ಜಾಗದಲ್ಲಿ ಪೈಪಿನ ಲೋಹದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗುತ್ತದೆ, ಒಳಗಿನ ಮುಕ್ಕಾಲು ಇಂಚಿನ ಪೈಪಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು. ಅಂದರೆ ಎಂದೂ ತುಂಡಾಗದ ಬೋಲ್ಟಿಗಾಗಿ, ಭಾರ ಹೊರಬೇಕಾದ ಪೈಪನ್ನೇ ದುರ್ಬಲಗೊಳಿಸಿದಂತಾಗುತ್ತದೆ. ನನ್ನ ಸಲಹೆ: ಜೋಡಣೆಯ ಮೇಲ್ಭಾಗಕ್ಕೆ ಎರಡು, ಕೆಳಭಾಗಕ್ಕೆ ಎರಡು 10 ಮಿ.ಮೀ. ಬೋಲ್ಟುಗಳನ್ನು, ಒಂದಕ್ಕೊಂದು ಲಂಬವಾಗಿ, ನಡುವೆ ನಾಲ್ಕೈದು ಸೆಂಟಿಮೀಟರ್ ಅಂತರವಿಟ್ಟು ಹಾಕಿ, ತೂತು 11 ಮಿ.ಮೀ. ಮೀರದಿರಲಿ. ತೂತುಗಳನ್ನು ಕೊರೆಯಬೇಕು, ಗ್ಯಾಸಿನಲ್ಲಿ ಸುಟ್ಟು ಮಾಡಿದ ತೂತನ್ನು ಒಪ್ಪಿಕೊಳ್ಳಬೇಡಿ.

ಇದೇ ಜಾಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಕ್ಕಾಲು ಇಂಚಿನ ಪೈಪಿನ ಹೊರವ್ಯಾಸ 26.9 ಮಿ.ಮೀ., ಒಂದು ಇಂಚಿನದರ ಒಳವ್ಯಾಸ 27.3 ಮಿ.ಮೀ. ಕರಿ ಪೈಪಿನಲ್ಲಿ ಹಿತವಾಗಿ ಕೂರುವ ಈ ಜೋಡಿ, ಗ್ಯಾಲ್ವನೈಸ್ ಆಗಿ ಬಂದ ಮೇಲೆ ಎರಡೂ ಮೈಗಳಲ್ಲಿ ಸತು ಸೇರಿ ಹೋಗಲೊಲ್ಲದು. ಪೈಪಿನೊಳಗಿನ ವೆಲ್ಡಿನ ಏಣು ಬೇರೆ ಅಡ್ಡ ಬರುತ್ತದೆ. ಆಗ ಸುತ್ತಿಗೆಯಿಂದ ಬಡಿದು ಕೂರಿಸುವವರೂ, ಉಜ್ಜುಗಲ್ಲು ಹಿಡಿದು ಸತುವನ್ನೆಲ್ಲ ತೆಗೆಯುವವರೂ ಇದ್ದಾರೆ. ಎರಡೂ ತಪ್ಪು. ಗ್ಯಾಲ್ವನೈಸಿಂಗಿಗೆ ಕಳುಹಿಸುವ ಮೊದಲೇ ಒಳಗಿನ ಏಣನ್ನು ತೆಗೆಸಿ, ತೂರಿಸುವ ತುಂಡನ್ನು ಲೇತಿನಲ್ಲಿ ಸ್ವಲ್ಪ ಇಳಿಸಿಡಿ. ಎಲ್ಲ ಬೆಸುಗೆ ಮತ್ತು ತೂತುಗಳ ಕೆಲಸ ಸತುವಿನ ತೊಟ್ಟಿಗೆ ಹೋಗುವ ಮುನ್ನ ಮುಗಿದಿರಬೇಕು.

ಈಗ ಲೇಪದ ಮಾತಿಗೆ ಬರುತ್ತೇನೆ. ಕರಾವಳಿಯಲ್ಲಿ ಬೋಲ್ಟಿನ ಆಯುಷ್ಯವನ್ನು ನಿರ್ಧರಿಸುವುದು ಉಕ್ಕಿನ ದರ್ಜೆಯಲ್ಲ, ಅದರ ಮೈಮೇಲಿನ ಸತು. ಅಂಗಡಿಯಲ್ಲಿ ನೀವು ನೋಡಿದ ಹಳದಿ ಹೊಳಪಿನ ಬೋಲ್ಟು ವಿದ್ಯುತ್ ಪ್ಲೇಟಿಂಗ್ ಮಾಡಿದ್ದು. ಅದರ ಸತುವಿನ ದಪ್ಪ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್. ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ಅಂದರೆ ಹಾಟ್ ಡಿಪ್ ಮಾಡಿದ ಬೋಲ್ಟಿನಲ್ಲಿ ಅದು ಸುಮಾರು 50 ಮೈಕ್ರಾನ್. ಸತು ಕಾಪಾಡುವ ಅವಧಿ ಅದರ ದಪ್ಪಕ್ಕೆ ನೇರ ಅನುಪಾತದಲ್ಲಿರುವುದರಿಂದ, ಇವೆರಡರ ನಡುವಿನ ವ್ಯತ್ಯಾಸವನ್ನು ನೀವೇ ಊಹಿಸಬಹುದು. ನೋಟಕ್ಕೆ ಹಾಟ್ ಡಿಪ್ ಬೋಲ್ಟು ಮಾಸಲು ಬೂದಿಬಣ್ಣದ್ದು, ಮೈ ತುಸು ಒರಟು, ಎಳೆಗಳ ತಳದಲ್ಲಿ ಸತು ಅಲ್ಲಲ್ಲಿ ತುಂಬಿಕೊಂಡಿರುತ್ತದೆ. ಹೊಳೆಯುವುದನ್ನೇ ಒಳ್ಳೆಯದೆಂದು ತಿಳಿದು ಮೋಸ ಹೋಗಬೇಡಿ.

ಕರಿಬಣ್ಣದ 12.9 ಬೋಲ್ಟಿಗೆ ಎಣ್ಣೆಯ ಪದರವಲ್ಲದೆ ಬೇರೆ ರಕ್ಷಣೆಯಿಲ್ಲ. ಅದನ್ನು ಗ್ಯಾಲ್ವನೈಸ್ ಮಾಡಿಸಿದರಾಯಿತು ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಅಷ್ಟು ಗಡಸು ಉಕ್ಕನ್ನು ಆಮ್ಲದಲ್ಲಿ ತೊಳೆಯುವಾಗ ಜಲಜನಕ ಒಳಹೊಕ್ಕು ಲೋಹವನ್ನು ಸುಲಭವಾಗಿ ಮುರಿಯುವಂತೆ ಮಾಡುತ್ತದೆ. ಬಿಗಿದ ಬೋಲ್ಟು ಯಾವ ಮುನ್ಸೂಚನೆಯೂ ಇಲ್ಲದೆ ಕೆಲವು ಗಂಟೆ ಅಥವಾ ದಿನಗಳ ಬಳಿಕ ತಲೆ ಕಳಚಿ ಬೀಳಬಹುದು. 8.8 ದರ್ಜೆಗೆ ಈ ಅಪಾಯ ಬಾಧಿಸುವುದಿಲ್ಲ. ನಮ್ಮ ಪ್ರಸರಣ ಗೋಪುರಗಳು ನಿಂತಿರುವುದು 5.6 ಮತ್ತು 8.8 ದರ್ಜೆಯ ಗ್ಯಾಲ್ವನೈಸ್ಡ್ ಬೋಲ್ಟುಗಳ ಮೇಲೆಯೇ.

ಆದ್ದರಿಂದ 8.8 ದರ್ಜೆಯ, ಐಎಸ್ 1367ರ 13ನೇ ಭಾಗದ ಪ್ರಕಾರ ಗ್ಯಾಲ್ವನೈಸ್ ಆದ ಬೋಲ್ಟನ್ನು ಅದರದೇ ನಟ್ಟಿನೊಂದಿಗೆ ಕೊಳ್ಳಿ. ಸತುವಿನ ದಪ್ಪಕ್ಕೆ ಎಡೆಯಿರಲೆಂದು ಆ ನಟ್ಟಿನ ಎಳೆಗಳನ್ನು ತುಸು ಹಿಗ್ಗಿಸಿ ಕೊರೆದಿರುತ್ತಾರೆ. ಸಾಮಾನ್ಯ ನಟ್ಟು ಈ ಬೋಲ್ಟಿಗೆ ಹತ್ತುವುದಿಲ್ಲ. ಈ ನಟ್ಟನ್ನು ಸಾಮಾನ್ಯ ಬೋಲ್ಟಿಗೆ ಹಾಕಿದರೆ ಸಡಿಲವಾಗಿ ಕೂತು ಎಳೆ ಕಿತ್ತುಬರುತ್ತದೆ. ಬೋಲ್ಟಿನ ತಲೆಯ ಮೇಲೆ 8.8 ಮತ್ತು ತಯಾರಕರ ಗುರುತು, ನಟ್ಟಿನ ಮೇಲೆ 8 ಇರಬೇಕು. ಉದ್ದವನ್ನು ಆರಿಸುವಾಗ, ಪೈಪಿನ ಗೋಡೆಗಳೊಳಗೆ ಎಳೆಗಳಿಲ್ಲದ ನುಣುಪು ಭಾಗವೇ ಬರುವಂತೆ ನೋಡಿಕೊಳ್ಳಿ. ಕೊನೆಗೆ, ಪೈಪಿನ ಆರುಪಾರು ಹಾಯ್ದ ಬೋಲ್ಟನ್ನು ಪೂರ್ಣಬಲದಿಂದ ಬಿಗಿಯಬಾರದು, ಪೈಪು ಚಪ್ಪಟೆಯಾಗುತ್ತದೆ. ಸ್ಪ್ಯಾನರಿನಿಂದ ಹಿತವಾಗಿ ಬಿಗಿದು, ಮೇಲೊಂದು ಲಾಕ್ ನಟ್ಟು ಹಾಕಿ. ಗಾಳಿಗೆ ನಡುಗುವ ಟವರಿನಲ್ಲಿ ಸ್ಪ್ರಿಂಗ್ ವಾಷರೊಂದನ್ನೇ ನಂಬಬೇಡಿ.

ಉತ್ತರ 2 — ಹಳೆಯ ಅಲೆಗಾರ, ಮಂಗಳೂರು

ಮೇಲಿನ ಉತ್ತರ ಟವರಿನ ಕಾಲುಗಳಿಗೆ ಪೂರ್ತಿ ಸಾಕು. ನಾನು ಗೈ ತಂತಿಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಕಾಲಿನ ಒಂದು ಬೋಲ್ಟು ಹೋದರೂ ಟವರ್ ನಿಂತೀತು, ಒಂದು ಗೈ ಹೋದರೆ ನಿಲ್ಲುವುದಿಲ್ಲ. ಪೋಲೆಂಡಿನ ಕೊನ್‌ಸ್ಟಾಂಟಿನುಫ್‌ನಲ್ಲಿದ್ದ, ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಎತ್ತರದ್ದಾಗಿದ್ದ 646 ಮೀಟರಿನ ರೇಡಿಯೊ ಮಾಸ್ಟ್ 1991ರ ಆಗಸ್ಟ್ 8ರಂದು ಬಿದ್ದದ್ದು ಗೈ ತಂತಿಗಳನ್ನು ಬದಲಿಸುತ್ತಿದ್ದ ವೇಳೆಯಲ್ಲಿ.

ಕೊಕ್ಕೆಯಿರುವ ಟರ್ನ್‌ಬಕಲ್‌ಗಳನ್ನು ದಯವಿಟ್ಟು ಹಿಂದಿರುಗಿಸಿ. ಅವು ಪೆಂಡಾಲು, ಬೇಲಿಗಳ ತಂತಿ ಬಿಗಿಯಲು ಮಾಡಿದ ವಸ್ತುಗಳು. ಭಾರ ಹೆಚ್ಚಿದಾಗ ಕೊಕ್ಕೆ ನೆಟ್ಟಗಾಗಿ ಬಿಚ್ಚಿಕೊಳ್ಳುತ್ತದೆ, ತಂತಿ ಕ್ಷಣಕಾಲ ಸಡಿಲವಾದರೂ ಕಳಚಿಕೊಳ್ಳುತ್ತದೆ. ಎರಡೂ ತುದಿಯಲ್ಲಿ ಕವಲು ಅಥವಾ ಮುಚ್ಚಿದ ಬಳೆ ಇರುವ, ಎರಕವಲ್ಲದೆ ಕಾಯಿಸಿ ಬಡಿದು ಮಾಡಿದ, ಗ್ಯಾಲ್ವನೈಸ್ ಆದ ಟರ್ನ್‌ಬಕಲ್ ಬೇಕು. ಅದರ ಮೇಲೆ ಸುರಕ್ಷಿತ ಭಾರದ ಗುರುತು ಇರಲಿ. ಗುರುತಿಲ್ಲದ್ದನ್ನು ನಾನು ಕೈಯಿಂದಲೂ ಮುಟ್ಟುವುದಿಲ್ಲ. ಬಿಗಿದಾದ ಮೇಲೆ ಗೈ ತಂತಿಯ ತುಂಡೊಂದನ್ನು ಟರ್ನ್‌ಬಕಲ್‌ಗಳ ಚೌಕಟ್ಟಿನೊಳಗಿಂದ ತೂರಿಸಿ, ಮೇಲಿನ ಮತ್ತು ಕೆಳಗಿನ ಬಳೆಗಳಿಗೆ ಸುತ್ತಿ ಕಟ್ಟಬೇಕು. ಇಲ್ಲದಿದ್ದರೆ ಗಾಳಿಯ ನಡುಕಕ್ಕೆ ಅದು ತಾನಾಗಿಯೇ ತಿರುಗಿ ಸಡಿಲವಾಗುತ್ತದೆ.

ಸ್ಟೇ ವೈರ್ ಒಳ್ಳೆಯ ಆಯ್ಕೆಯೇ. ಏಳು ಎಳೆಯ, ಎಳೆಯೊಂದಕ್ಕೆ 2.5 ಮಿ.ಮೀ. ದಪ್ಪದ್ದು ಚದರ ಮಿ.ಮೀ.ಗೆ 700 ನ್ಯೂಟನ್ ದರ್ಜೆಯದಾದರೆ ಸುಮಾರು 23 ಕಿಲೋನ್ಯೂಟನ್‌ಗೆ ತುಂಡಾಗುತ್ತದೆ. ನಿಲ್ಲಿಸುವಾಗ ಅದರ ಶೇ. 10ರಷ್ಟು, ಅಂದರೆ ಸುಮಾರು 230 ಕಿಲೋಗ್ರಾಂ ಬಿಗಿತ ಕೊಡುವುದು ರೂಢಿ. ಅದನ್ನು ಕೈ ಅಂದಾಜಿನಿಂದ ಕೊಡಲಾಗದು. ತೂಗುವ ಕ್ರೇನ್ ಸ್ಕೇಲೊಂದನ್ನು ಬಾಡಿಗೆಗೆ ತಂದು, ತಂತಿ ಎಳೆಯುವ ಪುಲ್ಲರಿನ ಜೊತೆ ತಂತಿಗೆ ಸರಣಿಯಾಗಿ ಕಟ್ಟಿ ನೋಡಿದರೆ ಮೂರೂ ದಿಕ್ಕಿನ ಬಿಗಿತವನ್ನು ಸಮವಾಗಿ ಹೊಂದಿಸಬಹುದು. ಗೈಗಳನ್ನು ನೆಲದಲ್ಲಿ ಹಿಡಿದಿಡುವ ಆ್ಯಂಕರುಗಳನ್ನು ಟವರಿನ ಎತ್ತರದ ಶೇ. 80ರಷ್ಟು ದೂರದಲ್ಲಿ, ನಿಮ್ಮಲ್ಲಿ ಸುಮಾರು 14.4 ಮೀಟರಿನಲ್ಲಿ ಇಟ್ಟರೆ ಉತ್ತಮ. ತೋಟದ ಜಾಗ ಕಡಿಮೆಯಿದೆಯೆಂದು ಹತ್ತಿರಕ್ಕೆ ತಂದಷ್ಟೂ ತಂತಿಯ ಮೇಲಿನ ಎಳೆತವೂ ಟವರಿನ ಮೇಲಿನ ಒತ್ತಡವೂ ಏರುತ್ತವೆ.

ತಂತಿಯ ತುದಿ ಕಟ್ಟುವ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಮಡಚಿದ ತಂತಿಯನ್ನು ಹಿಡಿಯುವ ಬುಲ್‌ಡಾಗ್ ಕ್ಲ್ಯಾಂಪಿನಲ್ಲಿ ಎರಡು ಭಾಗಗಳಿವೆ: ತೋಡುಗಳಿರುವ ಅಗಲ ಭಾಗ ಮತ್ತು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಬೋಲ್ಟು. ಅಗಲ ಭಾಗವು ಭಾರ ಹೊರುವ ಉದ್ದ ತಂತಿಯ ಮೇಲೆ, ಬಾಗಿದ ಬೋಲ್ಟು ಮಡಚಿ ಬಂದ ಚಿಕ್ಕ ತುದಿಯ ಮೇಲೆ ಕೂರಬೇಕು. ತಿರುಗಿಸಿ ಹಾಕಿದರೆ ಆ ಬೋಲ್ಟು ಭಾರ ಹೊರುವ ತಂತಿಯನ್ನೇ ಜಜ್ಜುತ್ತದೆ. ಪ್ರತಿ ತುದಿಗೆ ಮೂರು ಕ್ಲ್ಯಾಂಪು, ನಡುವೆ ತಂತಿಯ ದಪ್ಪದ ಆರು ಪಟ್ಟು ಅಂತರ, ಮಡಿಕೆಯೊಳಗೆ ಕಡ್ಡಾಯವಾಗಿ ಥಿಂಬಲ್, ಅಂದರೆ ತಂತಿ ನಲುಗದಂತೆ ಕಾಯುವ ಲೋಹದ ಒಳಬಳೆ. ಸರಿಯಾಗಿ ಹಾಕಿದರೂ ಕ್ಲ್ಯಾಂಪು ಕಟ್ಟಿದ ತುದಿಯಲ್ಲಿ ತಂತಿಯ ಬಲದ ಸುಮಾರು ಶೇ. 80 ಮಾತ್ರ ಉಳಿಯುತ್ತದೆ, ಜೊತೆಗೆ ಬಿಗಿತ ಬಿದ್ದ ಬಳಿಕ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕಾಗುತ್ತದೆ. ಅದಕ್ಕಾಗಿಯೇ ನಾನು ಸುರುಳಿಯಾಕಾರದ ಪ್ರೀಫಾರ್ಮ್ಡ್ ಗ್ರಿಪ್‌ಗಳನ್ನು ಮೆಚ್ಚುತ್ತೇನೆ: ತಂತಿಯ ಪೂರ್ಣಬಲ ಉಳಿಯುತ್ತದೆ, ಬಿಗಿಯಬೇಕಾದ ನಟ್ಟೇ ಇಲ್ಲ. ಆದರೆ ಗ್ರಿಪ್‌ನ ಅಳತೆ ಮತ್ತು ತಿರುಚಿನ ದಿಕ್ಕು ಎರಡೂ ತಂತಿಯದಕ್ಕೆ ಹೊಂದಲೇಬೇಕು.

ನಿಮ್ಮ ಮೇಲಿನ ಗೈಗಳ ಉದ್ದ ಸುಮಾರು 22 ಮೀಟರ್ ಬರುತ್ತದೆ. ಅದು 7 ಮೆಗಾಹರ್ಟ್ಸ್‌ನ ಅರ್ಧ ಅಲೆಯುದ್ದಕ್ಕೆ ತೀರ ಸಮೀಪ, 14 ಮೆಗಾಹರ್ಟ್ಸ್‌ನಲ್ಲಿ ಪೂರ್ಣ ಅಲೆಯುದ್ದಕ್ಕೆ. ಅಂಥ ಉದ್ದದ ತಂತಿ ರೇಡಿಯೊ ಅಲೆಗಳನ್ನು ತಾನೂ ಹಿಡಿದು ಆ್ಯಂಟೆನಾದ ಕೆಲಸ ಕೆಡಿಸಬಹುದು. ವಿದ್ಯುತ್ ಕಂಬದ ಸ್ಟೇಗಳಲ್ಲಿ ಕಾಣುವ ಪಿಂಗಾಣಿಯ ಮೊಟ್ಟೆ ಇನ್ಸುಲೇಟರುಗಳಿಂದ ಅದನ್ನು ತುಂಡರಿಸಿ. ಅವುಗಳಲ್ಲಿ ಎರಡು ತಂತಿಗಳ ಕುಣಿಕೆಗಳು ಒಂದರೊಳಗೊಂದು ಹಾಯ್ದಿರುತ್ತವೆ, ಆದ್ದರಿಂದ ಪಿಂಗಾಣಿ ಒಡೆದರೂ ತಂತಿ ಕಳಚುವುದಿಲ್ಲ. ಹಾಗೆಂದು ಅಗತ್ಯಕ್ಕಿಂತ ಹೆಚ್ಚು ಹಾಕಬೇಡಿ: ಒಂದೊಂದು ಇನ್ಸುಲೇಟರಿಗೂ ಕಟ್ಟಬೇಕಾದ ತುದಿಗಳು ಎರಡೆರಡು ಹೆಚ್ಚುತ್ತವೆ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ — ತೀರವಾಸಿ, ಕುಂದಾಪುರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. 10 ಮಿ.ಮೀ. ಬೋಲ್ಟುಗಳ ಲೆಕ್ಕವನ್ನು ವರ್ಕ್‌ಶಾಪಿನವರಿಗೆ ತೋರಿಸಿದಾಗ, ಪೈಪಿನಲ್ಲಿ ಉಳಿಯುವ ಲೋಹದ ಅಂಶವನ್ನು ಅವರು ಕೂಡಲೇ ಒಪ್ಪಿದರು. ಟರ್ನ್‌ಬಕಲ್‌ಗಳನ್ನು ಮರಳಿಸುತ್ತೇನೆ. ಆದರೆ ಸ್ಟೇನ್‌ಲೆಸ್ ಬಗ್ಗೆ ಸ್ಪಷ್ಟ ಉತ್ತರ ದೊರೆಯಲಿಲ್ಲ. ತುಕ್ಕೇ ಮುಖ್ಯ ಶತ್ರುವಾದರೆ ಅದನ್ನೇಕೆ ಬಳಸಬಾರದು? ಆ್ಯಂಟೆನಾದ ಬೂಮ್ (ಎಲಿಮೆಂಟುಗಳನ್ನು ಹೊರುವ ನಡುಕೋಲು) ಹಿಡಿಯುವ ಯು ಬೋಲ್ಟುಗಳಿಗೆ ಏನು ಹಾಕಬೇಕು? ನಮ್ಮಲ್ಲಿ ಮುರಕಲ್ಲಿನ ನೆಲ. ಆ್ಯಂಕರಿನ ಬಗ್ಗೆಯೂ ಎರಡು ಮಾತು ತಿಳಿಸಬೇಕು.

ಉತ್ತರ 3 — ದೋಣಿ ಮೇಸ್ತ್ರಿ, ಮಲ್ಪೆ

ನಾನು ಮೀನುಗಾರಿಕಾ ದೋಣಿಗಳ ರಿಗ್ಗಿಂಗ್ ಕೆಲಸ ಮಾಡುವವನು, ಉಪ್ಪುಗಾಳಿಯಲ್ಲಿ ಲೋಹಗಳು ಹೇಗೆ ಹಾಳಾಗುತ್ತವೆ ಎಂಬುದನ್ನು ದಿನವೂ ನೋಡುತ್ತೇನೆ. ಸ್ಟೇನ್‌ಲೆಸ್ ತುಕ್ಕು ಹಿಡಿಯುವುದೇ ಇಲ್ಲ ಎಂಬ ನಂಬಿಕೆ ಸರಿಯಲ್ಲ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 304 ಮಾದರಿಯು ಕಡಲ ಬದಿಯಲ್ಲಿ ಕಂದುಬಣ್ಣಕ್ಕೆ ತಿರುಗಿ, ವಾಷರಿನ ಅಡಿಯಂತಹ ಗಾಳಿಯಾಡದ ಸಂದುಗಳಲ್ಲಿ ಗುಳಿಬೀಳುತ್ತದೆ. ಮಾಲಿಬ್ಡಿನಮ್ ಬೆರೆತ 316 ಮಾದರಿ ಅದಕ್ಕಿಂತ ಎಷ್ಟೋ ವಾಸಿ. ಬೋಲ್ಟಿನ ತಲೆಯ ಮೇಲೆ ಎ4 ಎಂಬ ಗುರುತನ್ನು ನೋಡಿ ಕೊಳ್ಳಿ, 304ಕ್ಕೆ ಎ2 ಎಂದಿರುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ತಣ್ಣಗೆ ಒತ್ತಿ ಮಾಡಿದ ಅಸಲಿ ಸ್ಟೇನ್‌ಲೆಸ್ ಬೋಲ್ಟೂ ಸ್ವಲ್ಪ ಅಂಟುತ್ತದೆ.

ಟವರಿನ ಕಾಲುಗಳಿಗೆ ಸ್ಟೇನ್‌ಲೆಸ್ ಬೇಡ ಎಂಬುದೇ ನನ್ನ ಅಭಿಪ್ರಾಯ. ಉಪ್ಪುನೀರಿನ ತೇವದಲ್ಲಿ ಸ್ಟೇನ್‌ಲೆಸ್ ಮತ್ತು ಸತು ಒಂದಕ್ಕೊಂದು ತಾಗಿಕೊಂಡಿದ್ದರೆ, ಸವೆಯುವುದು ಸತು. ಬೋಲ್ಟು ಹೊಳೆಯುತ್ತಲೇ ಇರುತ್ತದೆ, ಅದರ ಸುತ್ತಲಿನ ಪೈಪು ಬೆತ್ತಲಾಗುತ್ತದೆ. ಸತುವಿಗೆ ಸತುವೇ ಜೊತೆಯಾಗಲಿ. ಸ್ಟೇನ್‌ಲೆಸ್ ಎಳೆಗಳು ಬಿಗಿಯುವಾಗ ಒಂದಕ್ಕೊಂದು ಕಚ್ಚಿಕೊಂಡು ಅರ್ಧದಾರಿಯಲ್ಲಿ ನಿಂತುಬಿಡುವ ತೊಂದರೆಯೂ ಇದೆ; ಆಗ ಕತ್ತರಿಸದೆ ಬೇರೆ ದಾರಿಯಿಲ್ಲ, ಅದೂ 18 ಮೀಟರ್ ಮೇಲೆ.

ಬೂಮ್ ಹಿಡಿಯುವ ಜಾಗ ಬೇರೆ. ಅಲ್ಲಿ ಅಲ್ಯೂಮಿನಿಯಂ ಪೈಪು, ಸಣ್ಣ ಎಳೆಗಳು, ಆಗಾಗ ಬಿಚ್ಚುವ ಅಗತ್ಯ. ಅಲ್ಲಿಗೆ 316ರ ಯು ಬೋಲ್ಟುಗಳನ್ನೇ ಹಾಕಿ, ಎಳೆಗಳು ಕಚ್ಚಿಕೊಳ್ಳದಂತೆ ಆ್ಯಂಟಿ ಸೀಜ್ ಪೇಸ್ಟನ್ನು ಹಚ್ಚಿ, ನೈಲಾನ್ ಬಳೆಯಿರುವ ಲಾಕ್ ನಟ್ಟು ಬಳಸಿ. ವಾಹನದ ಸೈಲೆನ್ಸರ್ ಹಿಡಿಯುವ ಕ್ಲ್ಯಾಂಪುಗಳನ್ನು ಅಗ್ಗವೆಂದು ತರಬೇಡಿ; ಅವುಗಳ ತೆಳು ಪ್ಲೇಟಿಂಗ್ ನಮ್ಮ ಒಂದು ಮಳೆಗಾಲವನ್ನೂ ತಡೆಯುವುದಿಲ್ಲ. ಶ್ಯಾಕಲ್ (ಪಿನ್ನಿನಿಂದ ಮುಚ್ಚುವ ಯು ಆಕಾರದ ಕೊಂಡಿ) ಬೇಕಾದಲ್ಲಿ, ತಿರುಪಿನ ಪಿನ್ನಿನದಕ್ಕಿಂತ ಬೋಲ್ಟು, ನಟ್ಟು ಮತ್ತು ಸ್ಪ್ಲಿಟ್ ಪಿನ್ ಮೂರೂ ಇರುವುದನ್ನು ಆರಿಸಿ. ತಿರುಪಿನದೇ ಸಿಕ್ಕಿದರೆ ಪಿನ್ನಿನ ಕಣ್ಣಿಗೆ ತಂತಿ ಸುತ್ತಿ ಶ್ಯಾಕಲ್‌ನ ಮೈಗೆ ಕಟ್ಟಿಬಿಡಿ.

ಉತ್ತರ 4 — ಗೋಪುರ ಕೆಲಸಗಾರ

ಮೇಸ್ತ್ರಿಗಳ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮುರಕಲ್ಲಿನ ನೆಲದಲ್ಲಿ ಗುಂಡಿ ತೋಡುವುದು ಕಷ್ಟ, ಆದರೆ ಹಿಡಿತ ಚೆನ್ನಾಗಿರುತ್ತದೆ. ಮೇಲಿನ ಸಡಿಲ ಮಣ್ಣನ್ನು ದಾಟಿ ಗಟ್ಟಿ ಪದರದವರೆಗೆ ಇಳಿದು, ಸ್ಟೇ ರಾಡನ್ನು ಪ್ಲೇಟಿನ ಸಮೇತ ಕಾಂಕ್ರೀಟಿನಲ್ಲಿ ಹುದುಗಿಸಿ. ರಾಡು ಮಣ್ಣಿನಿಂದ ಹೊರಬರುವ ಗೇಣುದ್ದದ ಭಾಗವೇ ಮೊದಲು ಸವೆಯುವುದರಿಂದ, ಕಾಂಕ್ರೀಟನ್ನು ನೆಲಮಟ್ಟಕ್ಕಿಂತ ಮೇಲಕ್ಕೆ ಎತ್ತಿ, ನೀರು ನಿಲ್ಲದಂತೆ ಇಳಿಜಾರು ಕೊಡಿ. ಟರ್ನ್‌ಬಕಲ್ ಎಂದೂ ಮಣ್ಣು, ತರಗೆಲೆಗಳಲ್ಲಿ ಹೂತಿರಬಾರದು. ಸಿಡಿಲಿನ ರಕ್ಷಣೆಗೆ ಆ್ಯಂಕರುಗಳನ್ನು ಅರ್ಥಿಂಗ್ ಮಾಡುವಾಗ ತಾಮ್ರದ ಸಲಾಕೆಯನ್ನು ನೇರವಾಗಿ ಜೋಡಿಸಬೇಡಿ. ತೇವದ ಮಣ್ಣಿನಲ್ಲಿ ತಾಮ್ರವು ನಿಮ್ಮ ಗ್ಯಾಲ್ವನೈಸ್ಡ್ ರಾಡನ್ನು ಕಣ್ಣಿಗೆ ಕಾಣದಂತೆ ತಿನ್ನುತ್ತದೆ. ಗ್ಯಾಲ್ವನೈಸ್ಡ್ ಸಲಾಕೆಯನ್ನೇ ಹೊಡೆಯಿರಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ವಿಷಯವೊಂದಿದೆ: ಟವರಿನ ತುಂಡುಗಳನ್ನು ಮೇಲೆತ್ತುವ ಜಿನ್ ಪೋಲನ್ನು ಹಿಡಿದಿಡುವ ಬೋಲ್ಟುಗಳು. 1982ರ ಡಿಸೆಂಬರ್ 7ರಂದು ಅಮೆರಿಕದ ಟೆಕ್ಸಾಸಿನ ಮಿಸೂರಿ ಸಿಟಿಯಲ್ಲಿ ಎತ್ತರದ ಪ್ರಸಾರ ಗೋಪುರವೊಂದಕ್ಕೆ ಆ್ಯಂಟೆನಾ ಏರಿಸುತ್ತಿದ್ದಾಗ, ಎತ್ತುವ ಬಳೆ ಇರುವ ಜಾಗದಲ್ಲಿ ಹಗ್ಗಕ್ಕೆ ಅಡಚಣೆಯಾಗುತ್ತದೆಂದು ಕೆಲಸಗಾರರು ಉಕ್ಕಿನ ತುಂಡೊಂದನ್ನು ಬೋಲ್ಟಿನಿಂದ ಸೇರಿಸಿ ಬಳೆಯನ್ನು ಹೊರಕ್ಕೆ ಚಾಚಿದರು. ಆ್ಯಂಟೆನಾದ ತೂಕಕ್ಕೆ ಆ ಬೋಲ್ಟುಗಳು ಸಾಲುತ್ತಿದ್ದವು. ಆದರೆ ಭಾರವು ಬೋಲ್ಟಿನಿಂದ ದೂರ ಸರಿದದ್ದರಿಂದ ಹುಟ್ಟಿದ ಮೀಟುವ ಬಲ ಲೆಕ್ಕಕ್ಕೆ ಬಂದಿರಲಿಲ್ಲ, ಅದು ತೂಕದ ಹಲವು ಪಟ್ಟಾಗಿತ್ತು. ಬೋಲ್ಟುಗಳು ಹರಿದವು, ಬೀಳುತ್ತಿದ್ದ ಆ್ಯಂಟೆನಾ ಗೈ ತಂತಿಯನ್ನು ಕತ್ತರಿಸಿತು, ಗೋಪುರವೇ ಕುಸಿದು ಐವರು ಜೀವ ಕಳೆದುಕೊಂಡರು. ನಿಮ್ಮ ಟವರ್ ಅದರ ಮುಂದೆ ಬಹಳ ಚಿಕ್ಕದು, ಆದರೆ ಬಲದ ನಿಯಮ ಒಂದೇ. ಜಿನ್ ಪೋಲಿನ ಹಿಡಿಕೆಯನ್ನು ಕಾಲಿಗೆ ತಾಗಿದಂತೆ ಎರಡು ಕಡೆ, ನಡುವೆ ಒಂದು ಮೀಟರಿನಷ್ಟಾದರೂ ಅಂತರವಿಟ್ಟು ಕಟ್ಟಿ. ಸ್ಥಳದಲ್ಲೇ ಯಾರಾದರೂ ಚಾಚುತುಂಡು ಸೇರಿಸಲು ಮುಂದಾದರೆ ಕೆಲಸ ನಿಲ್ಲಿಸಿ, ಎಂಜಿನಿಯರಿಗೆ ತೋರಿಸಿದ ಮೇಲೆಯೇ ಮುಂದುವರಿಯಿರಿ. ಮೇಲಿನ ಹಂತದ ಕಾಯಂ ಗೈಗಳು ಬರುವ ಮುನ್ನ ತಾತ್ಕಾಲಿಕ ಗೈಗಳಿಲ್ಲದೆ ಯಾರನ್ನೂ ಮೇಲೆ ಹತ್ತಿಸಬೇಡಿ. ಪ್ರತಿವರ್ಷ ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲು, ನಟ್ಟುಗಳನ್ನೂ ಗ್ರಿಪ್‌ಗಳನ್ನೂ ಗೈಗಳ ಬಿಗಿತವನ್ನೂ ಒಮ್ಮೆ ಪರೀಕ್ಷಿಸಿ. ಬಿಳಿ ಪುಡಿ ಕಟ್ಟಿರುವ ಬೋಲ್ಟಿನಲ್ಲಿ ಸತು ಸವೆಯುತ್ತಿದೆ ಎಂದು ತಿಳಿದು ಗಮನವಿಡಿ, ಕೆಂಪು ತುಕ್ಕು ಕಂಡ ಬೋಲ್ಟನ್ನು ಅಂದೇ ಬದಲಿಸಿ.